ಕೊಂಡೆಯವರ ಗ್ರಾಸಿಯಾಸ್

ದೋನ್ಯಾ ಪೆತ್ರೋನಿಲಾ ಆ ವಸಂತವನ್ನೆಲ್ಲ ಗಂಡನ ಬಲಗಿವಿಯನ್ನು ಕಾಯುವುದರಲ್ಲೇ ಕಳೆದಳು. ಎಡಗಿವಿಯ ಚಿಂತೆ ಅವಳಿಗಿರಲಿಲ್ಲ. ಅದು ಎಂದೋ ಮುಚ್ಚಿಹೋಗಿತ್ತು. ಅಲ್ಲಿ ಯಾರು ಏನು ಹೇಳಿದರೂ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬಲಗಿವಿ ಮಾತ್ರ ಇನ್ನೂ ಚುರುಕಾಗಿತ್ತು. ಕೊನೆಯಲ್ಲಿ ಯಾರು ಅದರ ಹತ್ತಿರ ಬಾಯಿ ತರುತ್ತಿದ್ದರೋ ಅವರ ಮಾತೇ ಗಂಡನ ಬಾಯಲ್ಲಿ ಬರುತ್ತಿತ್ತು. ಇಂಥ ಗಂಡಸು ಮನೆಗೆ ಯಜಮಾನನಾದರೆ ಹೆಂಡತಿಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಪ್ರಾಂತಕ್ಕೆ ಗವರ್ನರ್ ಆಗಿಬಿಟ್ಟರೆ ಊರಿಗೆಲ್ಲ ಪೇಚಾಟ.

ಅವರು ಗವರ್ನರ್ ಆದದ್ದೂ ಒಂದು ತಮಾಷೆಯೇ. ಚಳಿಗಾಲದಲ್ಲಿ ಹಳೆಯ ಗವರ್ನರ್ ಹಾವುಮೀನಿನ ಸಾರನ್ನು ಮಿತಿಮೀರಿ ಉಂಡು ತೀರಿಕೊಂಡಿದ್ದರು. ಸ್ಪೇನಿನಿಂದ ಹೊಸಬರು ಬರುವವರೆಗೆ ಪ್ರಾಂತದ ಅತ್ಯಂತ ಹಿರಿಯ ಸೇನಾಧಿಕಾರಿ ಆ ಕುರ್ಚಿಯಲ್ಲಿ ಕೂರಬೇಕೆಂದು ಕಾನೂನು. ಹುಡುಕಿ ನೋಡಿದರೆ ಆ ಹಿರಿಯರು ಯಾರು? ದೋನ್ ಬಾಲ್ತಸಾರ್ ದೆ ಉರ್ಮೆನೆತಾ, ಕಾಂಪೊವೆರ್ದೆಯ ಕೊಂಡೆ! ಹರೆಯದಲ್ಲಿ ದೊರೆಯ ದಂಡಿಗೆ ಒಂದು ಹಿಂಡು ಕುದುರೆ ಕಾಣಿಕೆ ಕೊಟ್ಟು ಬ್ರಿಗೇಡಿಯರ್ ಅನ್ನಿಸಿಕೊಂಡವರು. ಹಬ್ಬದ ಗರ್ನಾಲು ಬಿಟ್ಟರೆ ಮದ್ದಿನ ಸದ್ದನ್ನೇ ಕೇಳಿದವರಲ್ಲ. ಆ ನಾಡಿನಲ್ಲಿ ಇಂಥ ಸಿರಿವಂತರ ಪದವಿಗೆ ಕೊಂಡೆ ಎಂದೇ ಹೆಸರು. ಕನ್ನಡದ ಕಿವಿಗೆ ಅದು ಹೇಗೆ ಕೇಳಿಸುತ್ತದೋ ಹಾಗೆಯೇ ಅದು ಅವರಿಗೆ ದಕ್ಕಿದ್ದು, ದುಡ್ಡು ಕೊಟ್ಟು.

ಸಾವಿರದ ಎಂಟುನೂರ ಹತ್ತನೇ ಇಸವಿ ಅದು. ಲೋಕ ತಲೆಕೆಳಗಾಗಿತ್ತು. ಫ್ರೆಂಚರು ಸ್ಪೇನಿನ ದೊರೆಯನ್ನೇ ಹಿಡಿದು ಕೂಡಿಹಾಕಿದ್ದರು. ದೊರೆಯೇ ಸೆರೆಯಲ್ಲಿರುವಾಗ ದೊರೆಯ ಗವರ್ನರ್ ಮಾತು ನಾವೇಕೆ ಕೇಳಬೇಕು ಎಂದು ಚಿಲಿಯ ಊರೂರಲ್ಲಿ ಗುಸುಗುಸು. ಈ ಕೊಂಡೆಯವರ ಊರಾದ ಸಾಂತಾ ರುಫೀನಾದಲ್ಲಿ ಆ ಗುಸುಗುಸುವಿಗೆ ಮುಂದಾಳು ಪೆತ್ರೋನಿಲಾಳ ಕಿರಿಯ ಮಗ ಫೆರ್ಮಿನ್. ದೊರೆ ಬಿಡಿಸಿಕೊಂಡು ಬರುವವರೆಗೆ ಊರಿನವರೇ ಒಂದು ಮಂಡಳಿ ಕಟ್ಟಿಕೊಂಡು ಆಳಿಕೊಳ್ಳೋಣ ಎಂಬುದು ಅವನ ವಾದ. ದೊರೆ ಬಂದ ಮೇಲೆ ಏನಪ್ಪಾ ಎಂದು ಯಾರಾದರೂ ಕೇಳಿದರೆ ಮೀಸೆ ತೀಡುತ್ತಾ ಸೂರು ನೋಡುತ್ತಿದ್ದ.

ಇದನ್ನೆಲ್ಲ ಮಟ್ಟಹಾಕಲು ಸ್ಪೇನಿನ ಕಾದಿಸ್‌ನಿಂದ ಹಡಗಿನಲ್ಲಿ ಒಬ್ಬ ವಕೀಲರು ಬಂದಿಳಿದರು. ಹೆಸರು ದೋನ್ ಎವಾರಿಸ್ತೊ ಕಿಂತಾನಾ. ಸೆರೆಯಲ್ಲಿರುವ ದೊರೆಯ ಪರವಾಗಿ ಅಲ್ಲಿ ಆಳುತ್ತಿದ್ದವರು ಕಳಿಸಿದ ವಿಶೇಷ ಅಧಿಕಾರಿ. ತೆಳ್ಳಗೆ, ಬೆಳ್ಳಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರಿನಂಥ ಮನುಷ್ಯ. ಅವರನ್ನು ಕೊಂಡೆಯವರ ಮನೆಯ ದೊಡ್ಡ ಹಜಾರದಲ್ಲಿ ಕೂರಿಸಿ, ಆ ನಾಡಿನ ಪದ್ಧತಿಯಂತೆ ಮೊದಲು ಯೆರ್ಬಾ ಕೊಟ್ಟರು.

ಯೆರ್ಬಾ ಕುಡಿಯುವ ಕ್ರಮ ಅಲ್ಲಿ ಎಳೆಮಕ್ಕಳಿಗೂ ಗೊತ್ತು. ಎಲೆಪುಡಿ ತುಂಬಿದ ಒಂದೇ ಸೋರೆಬುರುಡೆ, ಒಂದೇ ಬೆಳ್ಳಿಕೊಳವೆ. ಬಿಸಿನೀರು ಹೊಯ್ದು ಕೊಡುವವಳು ಒಬ್ಬಳು. ಹೀರಿ ಮುಗಿಸಿದವರು ಬಾಯಿ ಬಿಡದೆ ಬುರುಡೆಯನ್ನು ಅವಳ ಕೈಗೇ ಮರಳಿಸಬೇಕು. ಅವಳು ಮತ್ತೆ ನೀರು ಹೊಯ್ದು ಪಕ್ಕದವರಿಗೆ ಕೊಡುತ್ತಾಳೆ, ಸುತ್ತು ಬಂದಾಗ ಮತ್ತೆ ನಿಮ್ಮ ಸರದಿ. ಬುರುಡೆ ಮರಳಿಸುತ್ತಾ ಗ್ರಾಸಿಯಾಸ್ ಎಂದಿರೋ, ಮುಗಿಯಿತು. ಉಳಿದ ಕಡೆಯೆಲ್ಲ ಆ ಮಾತಿಗೆ ಉಪಕಾರವಾಯಿತು ಎಂದರ್ಥ. ಯೆರ್ಬಾದ ಸುತ್ತಿನಲ್ಲಿ ಮಾತ್ರ ನನಗೆ ಸಾಕು, ಇನ್ನು ಬೇಡ ಎಂದರ್ಥ.

ದೋನ್ ಎವಾರಿಸ್ತೊ ಒಂದು ಗುಟುಕು ಹೀರಿ, ತುಟಿ ಸುಟ್ಟುಕೊಂಡು, ಆದರೂ ಕುಲೀನರಂತೆ ತಲೆಬಾಗಿ "ಗ್ರಾಸಿಯಾಸ್" ಎಂದರು. ಬಡಿಸುತ್ತಿದ್ದ ಮನೆಯಾಳು ಚೆಪಾ ಬುರುಡೆ ತೆಗೆದುಕೊಂಡು ಮುಂದೆ ಹೋದಳು. ಆ ಸಂಜೆ ಬುರುಡೆ ಎಷ್ಟೋ ಸುತ್ತು ಸುತ್ತಿತು; ವಕೀಲರ ಮೂಗಿನ ಮುಂದೆಯೇ ಹಾದುಹೋಯಿತೇ ಹೊರತು ಅವರ ಕೈಗೆ ಬರಲಿಲ್ಲ. ಅವರ ಮುಖ ಹುಳಿದ್ರಾಕ್ಷಿ ತಿಂದಂತಾಯಿತು.

ಒಳಗೆ ಬಂದ ಚೆಪಾ ಒಡತಿ ಪೆತ್ರೋನಿಲಾಳಿಗೆ, "ಮಿಸಿಯಾ, ಕಾದಿಸ್‌ನೋರದು ಗುಬ್ಬಚ್ಚಿ ಹೊಟ್ಟೆ ಕಣ್ರೀ! ಒಂದೇ ಗುಟುಕಿಗೆ ತುಂಬ್ಕೊಂಡ್ಬಿಡ್ತು" ಎಂದಳು.

"ಪಾಪ, ಗೊತ್ತಿಲ್ವೇನೋ ಕಣೇ. ಯಾರಾದ್ರೂ ಹೇಳ್ಬಾರದಾ?"

"ನಂಗ್ಯಾಕೆ ಊರ ಉಸಾಬರಿ? ಸಾಕು ಅಂದೋರಿಗೆ ಬಾಯಿಗೆ ಹಿಡಿಯೋಕೆ ನಾನೇನು ಅವರನ್ನ ಹೆತ್ತಿದೀನಾ?"

ಮರುದಿನವೂ ಅವರು ಗ್ರಾಸಿಯಾಸ್ ಎಂದರು, ಅದರ ಮರುದಿನವೂ. ಹೇಳಿಕೊಡುವಷ್ಟು ಅಕ್ಕರೆ ಯಾರಿಗೂ ಅವರ ಮೇಲೆ ಹುಟ್ಟಿರಲಿಲ್ಲ.

ಮನೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಆಯಿತು. ಬೆಳಗ್ಗೆ ಫೆರ್ಮಿನ್ ಅಪ್ಪನ ಬಲಕ್ಕೆ ಕೂತು, "ಅಪ್ಪಾ, ಊರೋರ ಸಭೆ ಕರೀರಿ, ಅಧಿಕಾರದ ಬೆತ್ತ ಅವರ ಕೈಗೆ ಕೊಟ್ಟು ಕೈ ತೊಳ್ಕೊಳ್ಳಿ" ಎನ್ನುವನು. "ಆಗ್ಲಿ ಮಗನೇ, ಸರಿಯಾಗಿ ಹೇಳ್ದೆ" ಎನ್ನುವರು ಕೊಂಡೆಯವರು. ಮಧ್ಯಾಹ್ನ ದೋನ್ ಎವಾರಿಸ್ತೊ ಅದೇ ಕುರ್ಚಿಯಲ್ಲಿ ಕೂತು, "ತಾವು ಬೆತ್ತ ಬಿಡಕೂಡದು. ತಾವು ದೊರೆಯ ಪ್ರತಿರೂಪ" ಎನ್ನುವರು. "ಸತ್ಯವಾದ ಮಾತು ಸ್ವಾಮಿ" ಎನ್ನುವರು ಕೊಂಡೆಯವರು. ಬೆಳಗಿನ ಮಾತು ಊರಿಗೆ ತಲುಪಿ ಪಟಾಕಿ ಹೊಡೆಯುವಷ್ಟರಲ್ಲಿ ಮಧ್ಯಾಹ್ನದ ಮಾತು ಹೊರಬಿದ್ದು ಪಟಾಕಿ ಒದ್ದೆಯಾಗುತ್ತಿತ್ತು. ಸಂತೆಯಲ್ಲಿ ಜನ ಬೆಳಗಿನ ಕೊಂಡೆ, ಮಧ್ಯಾಹ್ನದ ಕೊಂಡೆ ಎಂದು ಎರಡು ಹೆಸರಿಟ್ಟುಕೊಂಡು ನಗುತ್ತಿದ್ದರು. ಪೆತ್ರೋನಿಲಾಳೂ ನಕ್ಕಿದ್ದಳು, ಆ ಗುರುವಾರದವರೆಗೆ.

ಗುರುವಾರ ಅವಳು ಬಾಗಿಲ ಹಿಂದೆ ಲಿಂಬೆಗಿಡಕ್ಕೆ ನೀರು ಹಾಕುತ್ತಿದ್ದಾಗ ಒಳಗಿಂದ ವಕೀಲರ ದನಿ ಕೇಳಿಸಿತು. "ಕೊಂಡೆಯವರೇ, ಬರೋ ಮಂಗಳವಾರ ಊರೋರ ಸಭೆ ಕರೀರಿ. ಬೆತ್ತ ನಂದೇ ಅಂತ ಎಲ್ಲರ ಎದುರಿಗೆ ತಾವು ಬಾಯಿಬಿಟ್ಟು ಹೇಳ್ಬೇಕು. ಬಾಗಿಲಲ್ಲಿ ಕಪ್ತಾನ ಗರಾಯ್ ದಂಡು ನಿಂತಿರುತ್ತೆ. ತಮ್ಮ ಬಾಯಿಂದ ಆ ಮಾತು ಬಂದ ತಕ್ಷಣ ಈ ಗದ್ದಲ ಎಬ್ಬಿಸಿರೋ ಹುಡುಗರನ್ನ ಹಿಡಿದು ಹಡಗು ಹತ್ತಿಸ್ತೀನಿ. ಲಿಮಾದ ಕೋಟೆ ಸೆರೆಮನೆಯಲ್ಲಿ ತಣ್ಣಗಾಗ್ಲಿ. ತಾವೇನಾದ್ರೂ ಬೆತ್ತ ಬಿಟ್ಟುಕೊಡ್ತೀನಿ ಅಂದ್ರೆ ಅದು ರಾಜದ್ರೋಹ. ಆಗ ಇಡೀ ಸಭೆನೇ ಸೆರೆ ಹಿಡಿಬೇಕಾಗುತ್ತೆ, ತಮ್ಮನ್ನೂ ಸೇರಿಸಿ."

"ಸತ್ಯವಾದ ಮಾತು ಸ್ವಾಮಿ" ಎಂದರು ಕೊಂಡೆಯವರು.

ಪೆತ್ರೋನಿಲಾಳ ಕೈಯಿಂದ ತಂಬಿಗೆ ಜಾರಿತು. ಗದ್ದಲ ಎಬ್ಬಿಸಿದ ಹುಡುಗರು ಎಂದರೆ ಮೊದಲು ಫೆರ್ಮಿನ್. ಲಿಮಾದ ಕೋಟೆಗೆ ಹೋದವರು ತಿರುಗಿ ಬಂದದ್ದನ್ನು ಅವಳು ಕಂಡಿರಲಿಲ್ಲ. ಗಂಡ ಹೂಂ ಎಂದರೆ ಮಗ ಹೋಗುತ್ತಾನೆ. ಊಹೂಂ ಎಂದರೆ ಗಂಡನೂ ಮಗನೂ ಒಟ್ಟಿಗೇ ಹೋಗುತ್ತಾರೆ. ಅತ್ತ ದರಿ, ಇತ್ತ ಪುಲಿ. ಅವಳು ಅಡುಗೆಮನೆಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಹೇಗಾದರೂ ಮಾಡಿ ಹಾವೂ ಸಾಯದಂತೆ ಕೋಲೂ ಮುರಿಯದಂತೆ ನೋಡಿಕೊಳ್ಳಬೇಕು ಎಂದುಕೊಂಡಳು. ಹೇಗೆ ಎಂಬುದು ಮಾತ್ರ ಹೊಳೆಯಲಿಲ್ಲ.

ಫೆರ್ಮಿನ್‌ಗೆ ಹೇಳಿದಳು, ಓಡಿಹೋಗು ಎಂದಳು. ಅವನು ನಕ್ಕ. "ಸಭೆ ಕರೀಬೇಕು ಅಂತ ಬಡ್ಕೊಂಡೋನು ನಾನು. ಸಭೆ ದಿನ ನಾನೇ ಇಲ್ದಿದ್ರೆ ಮರ್ಯಾದೆ ಏನಮ್ಮ?"

"ಮರ್ಯಾದೆನ ಲಿಮಾದಲ್ಲಿ ಇಲಿಗಳ ಹತ್ರ ಹೇಳ್ಕೋ!"

ಗಂಡನಿಗೆ ಹೇಳಿದಳು, ಮಂಗಳವಾರ ಜ್ವರ ಬಂದಂತೆ ಮಲಗಿಬಿಡಿ ಎಂದಳು. ಅದಕ್ಕೂ ಒಪ್ಪಿದರು, ಆದರೆ ಮರುಗಳಿಗೆಯೇ, ಬ್ರಿಗೇಡಿಯರ್ ಕೋಟು ಬಿಸಿಲಿಗೆ ಹಾಕಿದೀಯಾ, ಗುಂಡಿ ಹೊಲಿಸಿದೀಯಾ ಎಂದು ಕೇಳಿದರು. ಆ ನೀಲಿ ಕೋಟನ್ನು ಹಾಕಿಕೊಳ್ಳುವ ಒಂದೂ ಸಂದರ್ಭ ಜೀವಮಾನದಲ್ಲಿ ಬಂದಿರಲಿಲ್ಲ. ಈಗ ಬಂದಿದೆ ಎಂದ ಮೇಲೆ ಜ್ವರವಲ್ಲ, ಭೂಕಂಪವಾದರೂ ಆ ಮುದುಕರು ಮಲಗುವವರಲ್ಲ ಎಂದು ಅವಳಿಗೆ ಗೊತ್ತಾಯಿತು.

ಮಂಗಳವಾರ ಬೆಳಗ್ಗೆ ಅಂಗಳದ ಪೀಚ್ ಮರ ಹೂಬಿಟ್ಟು ನಿಂತಿತ್ತು. ಊರ ಮೇಲೆಲ್ಲ ಗಾಳಿಪಟ. ಪುರಸಭೆಯ ಮಾಡು ಚಳಿಗಾಲದ ಭೂಕಂಪದಲ್ಲಿ ಕುಸಿದಿದ್ದರಿಂದ ಸಭೆ ಅವರ ಹಜಾರದಲ್ಲೇ ಎಂದು ಗೊತ್ತಾಗಿತ್ತು. ಚೆಪಾ ಬೆಳಕು ಹರಿಯುವ ಮೊದಲೇ ಕುಂಬಳಕಾಯಿಯ ಸೊಪೈಪಿಯಾ ಕರಿದು ಬೆಲ್ಲದ ಪಾಕದಲ್ಲಿ ಅದ್ದಲು ಕೂತಿದ್ದಳು. ರಾಜದ್ರೋಹವಾಗಲಿ ರಾಜಭಕ್ತಿಯಾಗಲಿ, ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಮನೆ ಅಲ್ಲ ಅದು.

ಪೆತ್ರೋನಿಲಾ ಪ್ರತಿದಿನದಂತೆ ಮೊದಲ ಯೆರ್ಬಾವನ್ನು ತಾನೇ ಮಾಡಿ ಗಂಡನಿಗೆ ಕೊಟ್ಟಳು. ಅವರು ಕುಡಿದು ಬುರುಡೆ ಚಾಚಿದರು. ಮತ್ತೆ ಹೊಯ್ದಳು. ಮತ್ತೆ ಚಾಚಿದರು. ಮತ್ತೆ ಹೊಯ್ದಳು. ಅವಳಿಗೆ ತಡೆಯಲಾಗಲಿಲ್ಲ.

"ಅಲ್ರೀ, ಮದುವೆಯಾಗಿ ಬಂದಾಗಿಂದ ನೋಡ್ತಿದೀನಿ, ನನ್ನ ಕೈಯಿಂದ ಬುರುಡೆ ಇಸ್ಕೊಂಡು ಒಂದು ದಿನಾನೂ ಗ್ರಾಸಿಯಾಸ್ ಅಂದವರಲ್ಲ. ಕೆಟಲಲ್ಲಿ ನೀರು ಮುಗಿದ್ರೇನೇ ನಿಮಗೆ ಮುಗೀತು. ಸಾಕು ಅನ್ನೋದು ಈ ಜನ್ಮದಲ್ಲಿ ಕಲೀತೀರೋ ಇಲ್ವೋ?"

ಯಾವ ಕಿವಿಯ ಕಡೆ ನಿಂತು ಹೇಳಿದೆ ಎಂಬುದನ್ನು ಅವಳು ಗಮನಿಸಲಿಲ್ಲ. ಕೊಂಡೆಯವರು ಕೋಟಿನ ಗುಂಡಿ ಹಾಕಿಕೊಳ್ಳಲು ಹೆಣಗಿದರು. ಹೊಟ್ಟೆಯ ಮೇಲಿನದು ಹಿಡಿಯಲೇ ಇಲ್ಲ.

ಹಜಾರ ತುಂಬಿ ಅಂಗಳಕ್ಕೂ ಜನ ಚೆಲ್ಲಿದರು. ಕೊಂಡೆಯವರು ನಡುವಿನ ದೊಡ್ಡ ಕುರ್ಚಿಯಲ್ಲಿ. ಬಲಗಿವಿಯ ಪಕ್ಕ ದೋನ್ ಎವಾರಿಸ್ತೊ ಬೆಳಗ್ಗೆಯೇ ಬಂದು ಜಾಗ ಹಿಡಿದಿದ್ದರು. ಎಡಕ್ಕೆ ಪುರಸಭೆಯ ಅಧ್ಯಕ್ಷ ದೋನ್ ಲೆಯಾಂದ್ರೊ; ಬೆಕ್ಕು ಸೀನಿದರೂ ಬೆಚ್ಚುವ ಒಳ್ಳೆಯ ಮನುಷ್ಯ. ಎದುರಿಗೆ ಫೆರ್ಮಿನ್ ಮತ್ತವನ ಗೆಳೆಯರು. ಬಾಗಿಲಲ್ಲಿ ಕಪ್ತಾನ ಗರಾಯ್, ಅವನ ಹಿಂದೆ ಬಂದೂಕು ಹಿಡಿದ ಸಿಪಾಯಿಗಳು. ಗರಾಯ್ ಹುಟ್ಟಿದ್ದು ಸ್ಪೇನಿನಲ್ಲಿ, ಆದರೆ ತಲೆಗೂದಲು ಬಿಳಿಯಾಗಿದ್ದು ಸಾಂತಾ ರುಫೀನಾದಲ್ಲಿ. ನಡುವೆ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ಕೆಟಲು. ಯೆರ್ಬಾ ಇಲ್ಲದೆ ಆ ಊರಿನಲ್ಲಿ ಹೆಣದ ಮುಂದೆಯೂ ಯಾರೂ ಕೂರುವುದಿಲ್ಲ, ಇನ್ನು ಸಭೆ ನಡೆಯುವುದುಂಟೇ. ಚೆಪಾ ಬಡಿಸುತ್ತಿದ್ದಳು. ಪೆತ್ರೋನಿಲಾ ಒಳಬಾಗಿಲಿನ ಸಂದಿನಿಂದ ನೋಡುತ್ತಾ ನಿಂತಿದ್ದಳು.

ಬುರುಡೆ ಮೊದಲು ವಕೀಲರಿಗೆ ಹೋಯಿತು. ಹೀರಿ ಗ್ರಾಸಿಯಾಸ್ ಎಂದರು. ಚೆಪಾ ತುಟಿ ಕಚ್ಚಿ ನಗು ತಡೆದಳು.

ಆಮೇಲೆ ಅವರು ಎದ್ದುನಿಂತು ದೊರೆ, ಧರ್ಮ, ವಿಧೇಯತೆ ಎಂದು ಬಹಳ ಹೊತ್ತು ಮಾತಾಡಿದರು. ಕೊನೆಗೆ ಮೇಜಿನ ಮೇಲಿದ್ದ ಚಿನ್ನದ ಹಿಡಿಯ ಬೆತ್ತವನ್ನು ಎರಡೂ ಕೈಯಲ್ಲಿ ಎತ್ತಿ ಕೊಂಡೆಯವರ ಮುಂದೆ ಹಿಡಿದರು.

"ಕಾದಿಸ್‌ನ ಹೆಸರಿನಲ್ಲಿ ಈ ಬೆತ್ತವನ್ನ ತಮ್ಮ ಕೈಗೆ ಮತ್ತೆ ಕೊಡ್ತಿದೀನಿ. ಇನ್ನು ಮೇಲೆ ಈ ಪ್ರಾಂತಕ್ಕೆ ತಾವೊಬ್ಬರೇ. ಎಲ್ಲರಿಗೂ ಕೇಳೋ ಹಾಗೆ ಒಂದು ಮಾತು ಹೇಳಿ ಕೊಂಡೆಯವರೇ."

ಫೆರ್ಮಿನ್‌ನ ಮುಖ ಬಿಳಿಚಿತ್ತು. ಮೀಸೆ ಬಂದರೇನು, ಪೆತ್ರೋನಿಲಾಳ ಕಣ್ಣಿಗೆ ಅವನು ಮೊಣಕಾಲು ತರಚಿಕೊಂಡು ಬಂದ ಮಗುವಿನಂತೆಯೇ ಕಂಡ.

ಕೊಂಡೆಯವರು ಬೆತ್ತವನ್ನು ತೆಗೆದುಕೊಂಡರು. ಅತ್ತ ಇತ್ತ ತಿರುಗಿಸಿ ನೋಡಿದರು. ಚಿನ್ನದ ಹಿಡಿಯನ್ನು ತೋಳಿನಿಂದ ಒಮ್ಮೆ ಒರೆಸಿದರು. ಪಕ್ಕದಲ್ಲಿ ಕೆಟಲು ಹಿಡಿದು ನಿಂತಿದ್ದ ಚೆಪಾಳ ಕಡೆಗೆ ತಿರುಗಿ, ಬುರುಡೆಯನ್ನು ಮರಳಿಸುವ ಹಾಗೆಯೇ ಬೆತ್ತವನ್ನು ಅವಳ ಕೈಯಲ್ಲಿಟ್ಟರು.

"ಗ್ರಾಸಿಯಾಸ್" ಎಂದರು, ಗಟ್ಟಿಯಾಗಿ, ಅಂಗಳದವರಿಗೂ ಕೇಳುವಂತೆ.

ದೋನ್ ಎವಾರಿಸ್ತೊ ಅವರ ಮುಖ ಅರಳಿತು. ಉಪಕಾರವಾಯಿತು ಎಂದು ಒಪ್ಪಿಕೊಂಡಾಯಿತು, ಭಾರವಾಯಿತೆಂದು ಬೆತ್ತವನ್ನು ಆಳಿನ ಕೈಗೆ ಕೊಟ್ಟಿದ್ದಾರೆ, ಅಷ್ಟೆ! ಉಳಿದ ಇಡೀ ಹಜಾರ ಬಾಯಿ ತೆರೆದುಕೊಂಡು ಕೂತಿತ್ತು. ಊರಿನವರ ಕಿವಿಗೆ ಬಿದ್ದದ್ದು ಬೇರೆಯೇ.

ಚೆಪಾಳ ಒಂದು ಕೈಯಲ್ಲಿ ಕೆಟಲು, ಇನ್ನೊಂದರಲ್ಲಿ ಪ್ರಾಂತದ ಅಧಿಕಾರ. ಅವಳು ಗಾಬರಿಯಿಂದ ಒಳಬಾಗಿಲ ಕಡೆ ನೋಡಿದಳು. ಏನು ಮಾಡ್ಲಿ ಮಿಸಿಯಾ ಎಂದು ಕಣ್ಣೇ ಕೇಳುತ್ತಿತ್ತು. ಗಂಡನಿಗೆ ಅರಳುಮರಳೋ, ಜಾಣತನವೋ ಪೆತ್ರೋನಿಲಾಳಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಸಮಯವೂ ಇರಲಿಲ್ಲ. ಆದರೆ ಒಬ್ಬರು ಸಾಕು ಎಂದ ಮೇಲೆ ಏನು ಮಾಡಬೇಕೆಂದು ಆ ನಾಡಿನ ಯಾವ ಹೆಂಗಸಿಗೆ ಗೊತ್ತಿಲ್ಲ? ಅವಳು ಗದ್ದವನ್ನು ಎಡಕ್ಕೆ ಒಂದಿಷ್ಟು ಎತ್ತಿದಳು. ಪಕ್ಕದವರಿಗೆ ಕೊಡು.

ಚೆಪಾ ಬೆತ್ತವನ್ನು ದೋನ್ ಲೆಯಾಂದ್ರೊ ಅವರ ಮುಂದೆ ಹಿಡಿದಳು. ಸುತ್ತು ಬಂದದ್ದನ್ನು ಬೇಡವೆನ್ನುವುದು ಅವಮಾನ. ಅದು ಮೈಗಂಟಿದ ಅಭ್ಯಾಸ. ಆ ಅಂಜುಬುರುಕ ಮನುಷ್ಯ ಯೋಚಿಸದೆ ಕೈ ಚಾಚಿ ತೆಗೆದುಕೊಂಡೇಬಿಟ್ಟ. ತೆಗೆದುಕೊಂಡ ಮೇಲೆ ನಡುಗಿದ.

"ದೊರೆಗೆ ಜಯವಾಗಲಿ!" ಎಂದು ಫೆರ್ಮಿನ್ ಕುರ್ಚಿಯ ಮೇಲೆ ಹತ್ತಿ ಕೂಗಿದ. "ಊರ ಮಂಡಳಿಗೆ ಜಯವಾಗಲಿ!" ಹಜಾರ ಹೋ ಎಂದು ಎದ್ದಿತು. ಆ ಗದ್ದಲದಲ್ಲಿ ದೋನ್ ಎವಾರಿಸ್ತೊ ಅವರಿಗೆ ಕೇಳಿಸಿದ್ದು ದೊರೆಯ ಹೆಸರೊಂದೇ. ಅವರೂ ಟೋಪಿ ಎತ್ತಿ ಜಯವಾಗಲಿ ಎಂದು ಕೂಗಿದರು. ಜನ ಇಷ್ಟು ಸುಲಭಕ್ಕೆ ದಾರಿಗೆ ಬಂದದ್ದಕ್ಕೆ ಕಣ್ಣಲ್ಲಿ ನೀರು ಬಂತು. ಈ ಹುಡುಗರನ್ನು ನಾಳೆ ಬೆಳಗ್ಗೆ ನೋಡಿಕೊಂಡರಾಯಿತು, ಇಂಥ ಶುಭಗಳಿಗೆ ಯಾಕೆ ಕೆಡಿಸಲಿ ಎಂದುಕೊಂಡಿರಬೇಕು. "ಕಪ್ತಾನರೇ, ಎಲ್ಲಾ ಸುಗಮವಾಯ್ತು. ದಂಡನ್ನ ಕಳಿಸಿಬಿಡಿ. ನನ್ನ ಲೆಕ್ಕದಲ್ಲಿ ಕುಡೀಲಿ" ಎಂದರು.

ಕಪ್ತಾನ ಗರಾಯ್ ಒಂದು ಗಳಿಗೆ ಕೊಂಡೆಯವರನ್ನು ನೋಡಿದ, ಒಂದು ಗಳಿಗೆ ಬೆತ್ತವನ್ನು ನೋಡಿದ. ಅವನ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. "ಅಪ್ಪಣೆ ಸ್ವಾಮಿ" ಎಂದ. ಸಿಪಾಯಿಗಳು ಬಂದೂಕುಗಳನ್ನು ಪೀಚ್ ಮರಕ್ಕೆ ಒರಗಿಸಿ ಹೆಂಡದಂಗಡಿಗೆ ಓಡಿದರು.

ಅವರು ಅಲ್ಲಿ ಹಾಡಲು ಶುರುಮಾಡುವ ಹೊತ್ತಿಗೆ ಮಂಡಳಿಯ ಸದಸ್ಯರ ಹೆಸರುಗಳನ್ನು ಕೂಗಿ ಮುಗಿಸಿಯಾಗಿತ್ತು. ಅದನ್ನು ರಾಜಭಕ್ತರ ಪಟ್ಟಿ ಎಂದುಕೊಂಡು ವಕೀಲರು ತಲೆದೂಗಿದ್ದರು. ಸೊಪೈಪಿಯಾ ತಟ್ಟೆಗಳು ಓಡಾಡುತ್ತಿದ್ದವು, ಯೆರ್ಬಾ ಮತ್ತೆ ಸುತ್ತುತ್ತಿತ್ತು. ಬುರುಡೆ ಇನ್ನೊಮ್ಮೆ ತಮ್ಮನ್ನು ದಾಟಿ ಹೋದಾಗ ದೋನ್ ಎವಾರಿಸ್ತೊ ಅವರಿಗೆ ಸಹನೆ ಕೆಟ್ಟಿತು.

"ಕಪ್ತಾನರೇ, ಇವರ ಜಯಕಾರಕ್ಕೆಲ್ಲ ನಾನು ಬೇಕು, ಒಂದು ಗುಟುಕು ಕಷಾಯ ಕೊಡೋಕೆ ಮಾತ್ರ ಬೇಡವೋ? ಬಂದಾಗಿಂದ ನೋಡ್ತಿದೀನಿ!"

"ತಾವೇ ಸಾಕು ಅಂದ್ರಲ್ಲ ಸ್ವಾಮಿ."

"ನಾನೆಲ್ಲಿ ಅಂದೆ? ಉಪಕಾರ ಸ್ಮರಿಸಿ ಗ್ರಾಸಿಯಾಸ್ ಅಂದೆ."

"ಅದೇ ಸ್ವಾಮಿ. ಇಲ್ಲಿ ಬುರುಡೆ ವಾಪಸ್ ಕೊಡ್ತಾ ಗ್ರಾಸಿಯಾಸ್ ಅಂದ್ರೆ ನಂಗೆ ಸಾಕಾಯ್ತು, ಪಕ್ಕದವರಿಗೆ ಕೊಡಿ ಅಂತ."

ವಕೀಲರು ನಗಲು ಹೊರಟರು. ನಗು ಅರ್ಧದಲ್ಲೇ ನಿಂತಿತು. ಅವರ ಕಣ್ಣು ಮೆಲ್ಲಗೆ ಕೊಂಡೆಯವರ ಬರಿಗೈಯಿಂದ ಚೆಪಾಳ ಕೈಗೆ, ಅಲ್ಲಿಂದ ದೋನ್ ಲೆಯಾಂದ್ರೊ ಅವರ ಮಡಿಲಲ್ಲಿದ್ದ ಬೆತ್ತಕ್ಕೆ ಹೋಯಿತು. ಇಂಗು ತಿಂದ ಮಂಗನಂತಾದರು. ಬಾಗಿಲ ಕಡೆ ನೋಡಿದರು. ಸಿಪಾಯಿಗಳಿಲ್ಲ, ಹಾಡು ಮಾತ್ರ ಕೇಳುತ್ತಿತ್ತು. ಚೆಪಾಳಿಗೆ ಅದೇನು ಕನಿಕರ ಬಂತೋ, ಬುರುಡೆ ತುಂಬಿ ಅವರ ಮುಂದೆ ಹಿಡಿದಳು. "ಕುಡೀರಿ ಸ್ವಾಮಿ. ಈ ಸಲ ಬಾಯ್ಮುಚ್ಕೊಂಡು ವಾಪಸ್ ಕೊಡಿ, ಇನ್ನೊಂದು ಸಿಗುತ್ತೆ." ಅವರು ಬೇರೇನೂ ತೋಚದೆ ಕುಡಿದರು, ಬಾಯಿ ಮುಚ್ಚಿಕೊಂಡು ಮರಳಿಸಿದರು. ಆ ವಾರವೇ ಬಂದ ಹಡಗಿನಲ್ಲಿ ಹೊರಟರು. ಹೋಗುವಾಗ ಒಂದು ಚೀಲ ಯೆರ್ಬಾ ಕೊಂಡೊಯ್ದರೆಂದು ಬಂದರಿನವರು ಹೇಳುತ್ತಿದ್ದರು.

ಬಂದವರೆಲ್ಲ ಹೋದ ಮೇಲೆ, ಸಂಜೆಬಿಸಿಲು ಜಗಲಿಗೆ ಬಿದ್ದಾಗ, ಪೆತ್ರೋನಿಲಾ ಹೊಸ ಯೆರ್ಬಾ ಹಾಕಿ ಗಂಡನ ಪಕ್ಕ ಕೂತಳು. ಬಲಕ್ಕೇ ಕೂತಳು. ಬೀದಿಯಲ್ಲಿ ಫೆರ್ಮಿನ್‌ನ ನಗು ಕೇಳುತ್ತಿತ್ತು.

"ನಿಜ ಹೇಳಿ. ಬೇಕು ಅಂತ ಅಂದ್ರಾ, ಇಲ್ಲಾ ಬೆತ್ತನ ಬುರುಡೆ ಅಂದ್ಕೊಂಡ್ರಾ?"

ಕೊಂಡೆಯವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. "ಕೊನೇಲಿ ಯಾರು ಹೇಳ್ತಾರೋ ಅವರ ಮಾತೇ ನನ್ನ ಮಾತು ಅಂತ ಊರೆಲ್ಲ ಆಡ್ಕೊಳುತ್ತೆ. ಅಲ್ವಾ?"

"ಆಡ್ಕೊಳುತ್ತೆ."

"ಆ ಕಾದಿಸ್‌ನೋನು ಬೆಳಗ್ಗೆಯಿಂದ ಕಿವೀಲಿ ಊದಿದ. ಕೂತದ್ದು ಬಲಗಿವಿ ಪಕ್ಕದಲ್ಲೇ, ಕೇಳಿಸ್ತು, ನಿಜ. ಆದ್ರೆ ಕೇಳಬೇಕು ಅಂತ ಕೇಳಿದ ಕೊನೇ ಮಾತು ನಿಂದು. ಸಾಕು ಅನ್ನೋದು ಕಲೀರಿ ಅಂದ್ಯಲ್ಲ. ಕಲ್ತೆ." ಕೊನೆಯ ಗುಂಡಿ ಬಿಚ್ಚಿ, "ಮಗನ್ನ ಹಡಗು ಹತ್ತಿಸ್ತಾನಂತೆ, ಬಡ್ಡೀಮಗ" ಎಂದರು.

ಇಷ್ಟು ದಿನ ತಾನು ಕಾದದ್ದು ಬರಿಯ ಒಂದು ಕಿವಿಯನ್ನಲ್ಲ ಎಂದು ಪೆತ್ರೋನಿಲಾಳಿಗೆ ಆಗ ತಿಳಿಯಿತು. ಬುರುಡೆ ತುಂಬಿ ಕೊಟ್ಟಳು. ಅವರು ನಿಧಾನವಾಗಿ, ಕೊಳವೆ ಗೊರಗೊರ ಎನ್ನುವವರೆಗೂ ಹೀರಿದರು. ಅವಳಿಗೆ ಇದ್ದಕ್ಕಿದ್ದಂತೆ ಹೆದರಿಕೆಯಾಯಿತು. ಇವರು ಇಂದು ಸಾಕು ಎನ್ನುವುದನ್ನು ಕಲಿತಿದ್ದಾರೆ. ಎಂಬತ್ತು ದಾಟಿದ ಮನುಷ್ಯ, ಪದವಿಗೆ ಅಂದದ್ದನ್ನು ನನಗೂ ಅಂದುಬಿಟ್ಟರೆ?

ಕೊಂಡೆಯವರು ಬುರುಡೆಯನ್ನು ಚಾಚಿದರು. ಅವಳು ಉಸಿರು ಬಿಗಿಹಿಡಿದು ಕಾದಳು. ಅವರು ಬಾಯಿ ಬಿಡಲಿಲ್ಲ. ಬುರುಡೆಯನ್ನು ಹಾಗೇ ಹಿಡಿದುಕೊಂಡು ಕೆಟಲಿನ ಕಡೆ ನೋಡುತ್ತಾ ಕೂತರು.

"ಈ ಜನ್ಮದಲ್ಲಿ ಕಲಿಯಲ್ಲ ನೀವು" ಎಂದು ಬೈದು, ಕಣ್ಣೊರೆಸಿಕೊಂಡು, ಅವಳು ಮತ್ತೆ ನೀರು ಹೊಯ್ದಳು.